ಎರೆಹುಳುಗಳಿಗೆ ಬಿಸಿಯೂಟ

ಒಂದೂರು, ಅಲ್ಲೊಬ್ಬಳು ರಾಣಿ. ಆವಿಯಾಡದ ಅನ್ನವನ್ನು ಅವಳು ಯಾರ ಎಲೆಗೂ ಬಡಿಸಿದವಳಲ್ಲ. ಒಂದೇ ಒಂದು ದಿನ ತಂಗಳನ್ನವಿಟ್ಟಳಂತೆ; ಮುದುಕಿಯ ವೇಷದಲ್ಲಿ ಬಂದಿದ್ದ ಭೂಮಿತಾಯಿ ಎಲೆ ಬಿಟ್ಟು ಎದ್ದು ಹೋದಳಂತೆ. ಅಜ್ಜಿ ಈ ಕತೆಯನ್ನು ಎಷ್ಟು ಸಲ ಹೇಳಿದ್ದಳೆಂದರೆ, ಆ ಅನ್ನದ ಆವಿ ನನ್ನ ಕಣ್ಣೆದುರೇ ಏಳುತ್ತಿತ್ತು.

ಕೆಂಚಕ್ಕ ನಮ್ಮ ಬೀದಿಯ ಕೊನೆಯಲ್ಲಿ ಹೂವಿನ ಸಸಿ ಬೆಳೆಸಿ ಮಾರುತ್ತಿದ್ದವಳು. ಮಗಳ ಬಾಣಂತನಕ್ಕೆ ಹೊರಟಾಗ ತನ್ನ ಎರೆಹುಳುಗಳ ಬಾನಿಯನ್ನೂ ಒಂದು ಚೀಲ ಹಳೆಯ ಸಗಣಿಯನ್ನೂ ನಮ್ಮ ಹಿತ್ತಲಿಗೆ ತಂದಿಳಿಸಿದಳು.

"ವಾರಕ್ಕೊಂದು ಬೊಗಸೆ ಈ ಸಗಣಿ ಹಾಕು, ನೀರು ಚಿಮುಕಿಸು, ಗೋಣಿ ಹೊದಿಸು. ನಾ ಬರೋ ಹೊತ್ಗೆ ಒಂದು ಬುಟ್ಟಿ ಗೊಬ್ಬರ ಆಗಿರ್ಬೇಕು. ಇಲ್ದಿದ್ರೆ ಸಸೀನೂ ಇಲ್ಲ, ನನ್ ಒಲೇನೂ ಉರಿಯಲ್ಲ."

"ಬುಟ್ಟಿ ತುಂಬಿಸಿಯೇ ಕೊಡ್ತೀನಿ ಕೆಂಚಕ್ಕ, ಆಣೆ."

"ಆಣೆ ಗೀಣೆ ಬ್ಯಾಡ. ಕನಸು ಕಾಣ್ತಾ ಮರೀಬ್ಯಾಡ, ಅಷ್ಟೆಯಾ."

ಮರೆಯಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತು.

ಚೀಲ ಬಿಚ್ಚಿದರೆ ಸಗಣಿಗೆ ವಾಸನೆಯೇ ಇಲ್ಲ, ಕಪ್ಪಗೆ, ಪುಡಿಪುಡಿ. ಮನೆಗೆ ಬಂದ ಅತಿಥಿಗಳಿಗೆ ಈ ತಂಗಳೇ? ಬಾನಿಯ ಮೇಲ್ಪದರವನ್ನು ಕೆರೆದು, ಚೀಲದಲ್ಲಿದ್ದುದನ್ನೂ ಸೇರಿಸಿ, ಬಚ್ಚಲ ನೀರು ಹರಿಯುವ ನುಗ್ಗೆಮರದ ಬುಡಕ್ಕೆ ಸುರಿದೆ. ಪಕ್ಕದ ಕೊಟ್ಟಿಗೆಯಿಂದ ಆಗಷ್ಟೇ ಬಿದ್ದ ಸಗಣಿ ತಂದು ಬಾನಿಯ ಕಂಠದವರೆಗೆ ತುಂಬಿದೆ. ಆವಿ ಎದ್ದಿತು. ಆ ರಾಣಿ ನೋಡಿದ್ದರೆ ಮೆಚ್ಚುತ್ತಿದ್ದಳು ಎಂದುಕೊಂಡೆ.

ಮೂರನೆಯ ದಿನ ಗೋಣಿ ಎತ್ತಿ ಕೈಯಿಟ್ಟವಳು ಸರಕ್ಕನೆ ಹಿಂದೆಗೆದೆ. ಸುಡುತ್ತಿತ್ತು. ಬಾನಿಯ ಅಂಚಿನಲ್ಲಿ ಹುಳುಗಳು ಒಣಗಿದ ದಾರದಂತೆ ಅಂಟಿದ್ದವು; ಒಳಗಿನವು ಬಿಳಿಚಿಕೊಂಡು ಮೆತ್ತಗಾಗಿದ್ದವು. ಅಜ್ಜಿಯನ್ನು ಕೂಗಿದೆ.

ಅಜ್ಜಿ ಬಂದು ಮುಟ್ಟಿ ನೋಡಿದಳು. "ಅಯ್ಯೋ ಹುಚ್ಚೀ, ಹಸೀ ಸಗಣಿ ಒಳಗೊಳಗೇ ಕಾಯುತ್ತೆ ಕಣೇ! ಕುದಿಯೋ ಎಸರಿಗೆ ಹಾಕ್ದಂಗಾಯ್ತಲ್ಲೇ ಅವುನ್ನ!"

"ತಂಗಳು ಇಡಬಾರದೂಂತ ನೀನೇ ಅಲ್ವಾ ಹೇಳಿದ್ದು?"

ಅಜ್ಜಿ ಗೋಣಿಯನ್ನು ಮತ್ತೆ ಬಾನಿಯ ಮೇಲೆ ಎಳೆದಳು.

ಕೆಂಚಕ್ಕ ಊರಿಗೆ ಮರಳಿದ ದಿನ ಅವಳನ್ನು ನಮ್ಮ ಬಾಗಿಲಲ್ಲೇ ತಡೆದು ಎಲ್ಲವನ್ನೂ ಹೇಳಿಬಿಟ್ಟೆ. ಕೈಯ ಗಂಟನ್ನೂ ಇಳಿಸದೆ ನೆಲದ ಮೇಲೆ ಕುಸಿದಳು.

"ನಮ್ಮತ್ತೆ ಕೊಟ್ಟ ಹುಳ ಕಣವ್ವಾ ಅವು," ಎಂದಳು. ಬೈದಿದ್ದರೇ ಹಗುರಾಗುತ್ತಿತ್ತು. ಗಂಟನ್ನು ಬದಿಗಿಟ್ಟು ಕೇಳಿದಳು: "ಹಳೇದುನ್ನ ಎಲ್ಲಿ ಸುರ್ದೆ?"

ತೋರಿಸಿದೆ. ನುಗ್ಗೆಯ ಬುಡದಲ್ಲಿ ಕೂತು ಗುಡ್ಡೆಯನ್ನು ಬೆರಳಿಂದ ಬಿಡಿಸಿದಳು. ಒಳಗೆ ಏನೋ ಕೆಂಪಗೆ ಮಿಸುಕಿತು. ಮತ್ತೊಂದು. ಅದರ ಪಕ್ಕದಲ್ಲಿ ನೂಲಿನೆಳೆಯಷ್ಟು ಮರಿಗಳು. ಬಾನಿಯ ಮೇಲ್ಪದರದೊಡನೆ ನಾನೇ ಎಸೆದಿದ್ದ ಹುಳುಗಳು, ಆ ತಂಗಳನ್ನೇ ತಿಂದು ಬದುಕಿದ್ದವು.

"ಒಂದು ಬುಟ್ಟಿ ಗೊಬ್ಬರದ ಸಾಲ ಇನ್ನೂ ನಿನ್ ಮ್ಯಾಲೈತೆ," ಎಂದು ಎದ್ದು ಹೋದಳು.

ಆ ಸಲ ಕೆಂಚಕ್ಕ ಸಸಿ ಹಾಕಲಿಲ್ಲ, ಕಂಡವರ ತೋಟದಲ್ಲಿ ಕಳೆ ಕಿತ್ತಳು. ಅಜ್ಜಿ ಆ ರಾಣಿಯ ಕತೆಯನ್ನು ಮತ್ತೆ ಹೇಳಲಿಲ್ಲ. ನನ್ನ ಜೊತೆ ಕೂತು ಸಗಣಿ ಹರವಿ ಆರಲು ಬಿಟ್ಟಳು; ಹಳೆಯದಾದ ಮೇಲೆ ಉಳಿದ ಹುಳುಗಳಿಗೆ ಬೊಗಸೆ ಬೊಗಸೆ ಹಾಕಿದೆವು.

ಮುಂದಿನ ಬಿತ್ತನೆಯ ಹೊತ್ತಿಗೆ ಬುಟ್ಟಿ ತುಂಬಿತು. ಸೊಂಟದ ಮೇಲೆ ಹೊತ್ತು ಅವಳ ಬಾಗಿಲಿಗೆ ಹೋದೆ. ಕೆಂಚಕ್ಕ ಗೊಬ್ಬರದಲ್ಲಿ ಮಣಿಕಟ್ಟಿನವರೆಗೆ ಕೈ ಹೂತು, ಕಣ್ಣು ಮುಚ್ಚಿ ನಿಂತಳು. ನಾನು ಗೊಬ್ಬರದ ಮೇಲೆ ಆವಿಯನ್ನು ಹುಡುಕುತ್ತಿದ್ದೆ. ಏಳಲಿಲ್ಲ.

"ತಣ್ಣಗೈತೆ," ಎಂದು ಬುಟ್ಟಿಯನ್ನು ಒಳಗೆ ಒಯ್ದಳು.