ಕ್ಲೆಮ್‌ನ ಮುಖಕ್ಕೆ ಬೆಳಕು

ವರ್ನಾ ಎಳೆದ ರಭಸಕ್ಕೆ ಕಿಟಕಿಯ ಪರದೆ ಕೊಂಡಿಸಮೇತ ಕಿತ್ತು ಕೈಗೆ ಬಂತು. ಹಿಂದೆ ಪಕ್ಕದ ಗ್ಯಾರೇಜಿನ ಇಟ್ಟಿಗೆ ಗೋಡೆ. ಹಾಲಿವುಡ್ಡಿನ ಬಿಸಿಲೆಲ್ಲ ಬೀದಿಯಲ್ಲೇ ಉಳಿದಿತ್ತು.

“ಮಿಸೆಸ್ ಹ್ಯಾಚರ್, ಕೂತ್ಕೊಳ್ಳಿ,” ಎಂದ ಶವಸಂಸ್ಕಾರದ ಅಂಗಡಿಯ ಮಾಲೀಕ. “ಇನ್ನು ಪೆಟ್ಟಿಗೆ ಮುಚ್ಚಬೇಕು. ಮುಂದಿನವರು ಕಾಯ್ತಿದ್ದಾರೆ.”

“ಕಾಯ್ಲಿ. ನನ್ನ ಗಂಡನ ಮುಖ ಇಲ್ಲಿ ಯಾರಿಗೂ ಸರಿಯಾಗಿ ಕಾಣ್ತಿಲ್ಲ.”

ಅವಳಿಗೆ ಕೂರಲಾಗಲಿಲ್ಲ. ಬಂದವರೆಲ್ಲ ಸ್ಟುಡಿಯೋದವರೇ. ಯುದ್ಧದಿಂದ ಮರಳಿದಾಗಿನಿಂದ ಅಗ್ಗದ ಕೊಲೆ ಚಿತ್ರಗಳಲ್ಲಿ ಗುಂಡೇಟು ತಿಂದು ಬಿದ್ದ ಕ್ಲೆಮ್ ಅವರಿಗೆಲ್ಲ ಬೇಕಾದವನು. ತೆರೆಯ ಮೇಲೆ ಮಾತ್ರ ಅವನ ಮುಖವನ್ನು ಯಾರೂ ಕಂಡಿರಲಿಲ್ಲ. ಬೋರಲು ಬಿದ್ದರೆ ಒಂದೇ ಚಿತ್ರದಲ್ಲಿ ಒಬ್ಬನನ್ನೇ ಮೂರು ಸಲ ಕೊಲ್ಲಬಹುದಲ್ಲ!

ಹಿಂದಿನ ಬೆಂಚಿನಲ್ಲಿ ಲೈಟಿನ ಕೆಲಸದ ಮಿಲೋ ಟೋಪಿ ಹಿಚುಕುತ್ತ ಕೂತಿದ್ದ. ಅವನನ್ನು ಕಂಡು ವರ್ನಾಳ ಮೈ ಉರಿಯಿತು.

“ನಿನಗೇನಪ್ಪಾ, ಕತ್ತಲೆ ಹಿತವಾಗೇ ಇರಬೇಕು.”

*

ಒಂದೇ ಒಂದು ಸಲ ಕ್ಲೆಮ್‌ಗೆ ಅಂಗಾತ ಸಾಯುವ ಪಾತ್ರ ಸಿಕ್ಕಿತ್ತು, ಜೊತೆಗೆ ಒಂದು ಮಾತು. ಅಡುಗೆಮನೆಯ ನೆಲದ ಮೇಲೆ ಸತ್ತು ಸತ್ತು ಅಭ್ಯಾಸ ಮಾಡಿದ. ವರ್ನಾ ಅವನನ್ನು ದಾಟಿಕೊಂಡೇ ಕಾಫಿ ಕಾಸಿದಳು. ಚಿತ್ರ ಬಂದಾಗ ಅಕ್ಕಪಕ್ಕದವರನ್ನೆಲ್ಲ ಕರೆದುಕೊಂಡು ಹೋದಳು. ತೆರೆಯ ಮೇಲೆ ಕತ್ತಲೆ, ಕತ್ತಲೆಯೊಳಗಿಂದ ಒಂದು ದನಿ, ಎರಡು ಬೂಟು.

“ಆ ಗೋಡೆ ಹಿಂದಿನ ಚಿತ್ರದಲ್ಲಿ ಬ್ಯಾಂಕಾಗಿತ್ತು ಕಣೆ,” ಎಂದ ಕ್ಲೆಮ್, ಮನೆಗೆ ಬಂದು. “ಬಣ್ಣ ಬದಲಾಯಿಸೋಕೆ ನಿರ್ಮಾಪಕ ಒಪ್ಲಿಲ್ಲ. ಗುರುತು ಸಿಗಬಾರದು ಅಂತ ಮಿಲೋ ದೀಪ ಆರಿಸಿದ. ಗೋಡೆ ಜೊತೆ ನಾನೂ ಹೋದೆ. ಬೂಟು ಚೆನ್ನಾಗಿ ಹೊಳೀತಿತ್ತು, ಅಲ್ವಾ?”

ಅವನು ನಕ್ಕ. ಅವಳಿಗೆ ಅವನ ಪರವಾಗಿ ಅವಮಾನವಾಗಿತ್ತು. ಅಂದಿನಿಂದ ಮಿಲೋನನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

*

ಮಿಲೋ ಎದ್ದು ಬಂದ. ಮೂಲೆಯಲ್ಲಿದ್ದ ಉದ್ದ ಕಾಲಿನ ದೀಪದ ಬಟ್ಟೆ ಮುಸುಕನ್ನು ಕಿತ್ತು ಬೆಂಚಿನ ಮೇಲಿಟ್ಟ.

“ಅದನ್ನ ಮುಟ್ಟಬೇಡಿ!” ಮಾಲೀಕ ಧಾವಿಸಿದ. “ಆ ಗೋಡೆ ನೋಡೋ ಹಾಗಿಲ್ಲ, ನೀರಿಳಿದು ಕಲೆಯಾಗಿದೆ. ಅದಕ್ಕೇ ಮಂದ ಬೆಳಕು ಇಟ್ಟಿರೋದು.”

“ಗೋಡೆಗಳ ಚಿಂತೆ ಮಾಡಿದ್ದು ಸಾಕಪ್ಪಾ,” ಎಂದು ಮಿಲೋ ದೀಪವನ್ನು ಪೆಟ್ಟಿಗೆಯ ತಲೆಯ ಕಡೆ ಓರೆ ಮಾಡಿ ಹಿಡಿದ.

“ಮೂಗಿನ ನೆರಳು ಬೀಳ್ತಿದೆ,” ಎಂದಳು ವರ್ನಾ.

“ಹೀಗಾ?”

“ಇನ್ನೂ ಸ್ವಲ್ಪ ಮೇಲೆತ್ತು. ಹಾಂ, ಅಲ್ಲಾಡಬೇಡ.”

ಒಬ್ಬೊಬ್ಬರೇ ಎದ್ದು ಬಂದರು. ಕ್ಲೆಮ್‌ನ ಗಲ್ಲದ ಕುಳಿ, ಹುಬ್ಬಿನ ಮೇಲಿನ ಹಳೆಯ ಗಾಯ, ಎಲ್ಲ ಕಂಡವು. ಬೆಳಗಿನಿಂದ ಮೊದಲ ಸಲ ವರ್ನಾ ಕೂತಳು. ಬಲ್ಬಿನ ಕಾವಿಗೆ ಕೈಗೆ ಟೋಪಿ ಸುತ್ತಿಕೊಂಡು ಮಿಲೋ ಹಾಗೇ ನಿಂತಿದ್ದ. ಹಿಂದಿನ ಗೋಡೆಯ ಕಲೆಗಳು ಸೂರಿನಿಂದ ನೆಲದವರೆಗೂ ನಿಚ್ಚಳವಾಗಿದ್ದವು. ಯಾರೂ ಅತ್ತ ನೋಡಲಿಲ್ಲ.