ಬುಟ್ಟಿಯ ಜೊತೆ ಮಾತಾಡುತ್ತಿದ್ದ ಮಾವ

ಗುಳಿಗೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ ಎನ್ನುವ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಅದೇ ಪಾಡು. ಉಪ್ಪು ಕಡಿಮೆ ಮಾಡಿದೆವು, ಎಣ್ಣೆ ಕಡಿಮೆ ಮಾಡಿದೆವು, ಕೊನೆಗೆ ನಮ್ಮ ಅಡುಗೆ ನಮಗೇ ಬೇಸರವಾಯಿತು. ನನ್ನ ಮಾವನ ಬಿಪಿ ಮಾತ್ರ ಜಗ್ಗಲಿಲ್ಲ. ಅದಕ್ಕೆ ನಾನೂ ಒಂದು ಕಾರಣ ಎಂದು ಆಗ ಯಾರಾದರೂ ಹೇಳಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡುತ್ತೇನೆ.

ಮಾವ ಟೈಲರ್. ನಲವತ್ತು ವರ್ಷ ರಸ್ತೆ ಬದಿಯ ಚಿಕ್ಕ ಅಂಗಡಿಯಲ್ಲಿ, ಬಾಗಿಲಿಗೆ ಮುಖ ಮಾಡಿ ಮಿಷನ್ ತುಳಿದವರು. ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ಬಾಯ್ತುಂಬ ಮಾತು. ಒಂದು ಗುಂಡಿ ಹಾಕಿಸಲು ಬಂದವರು ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಹೀಗಿರುವಾಗ ಒಂದು ಮಧ್ಯಾಹ್ನ ತಲೆ ಸುತ್ತಿ ಬಿದ್ದರು. ಬಿಪಿ ಜಾಸ್ತಿ ಇದೆ, ದಿನಾ ಗುಳಿಗೆ ತೆಗೆದುಕೊಳ್ಳಬೇಕು, ಸ್ವಲ್ಪ ವಿಶ್ರಾಂತಿ ಬೇಕು ಎಂದರು ಡಾಕ್ಟರು.

ವಿಶ್ರಾಂತಿಯ ಉಸ್ತುವಾರಿ ನಾನು ವಹಿಸಿಕೊಂಡೆ. ಅಂಗಡಿ ಬಿಡಿಸಿದೆ. ಮಿಷನ್ನನ್ನೂ ಮಾವನ ಹಾಸಿಗೆಯನ್ನೂ ನಮ್ಮ ಮಹಡಿಯ ಕೋಣೆಗೆ ಹತ್ತಿಸಿದೆ. ಕೆಳಗೆ ನಮ್ಮ ಯಜಮಾನರ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ, ಅಲ್ಲಿ ಸದ್ದೇ ಸದ್ದು. ಮೇಲಾದರೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ದೀಪ ಇರುವ ಕಡೆ ಮಿಷನ್ ಇಟ್ಟಿದ್ದರಿಂದ ಅದರ ಮುಖ ಗೋಡೆಗೆ ಬಂತು. ಅದು ನಮಗ್ಯಾರಿಗೂ ದೊಡ್ಡದೆನಿಸಲಿಲ್ಲ.

ಮಾವ ಪದೇ ಪದೇ ಮೆಟ್ಟಿಲು ಹತ್ತಿ ಇಳಿಯಬಾರದೆಂದು ಕಿಟಕಿಯಿಂದ ಹಗ್ಗ ಇಳಿಬಿಟ್ಟು ಒಂದು ಬುಟ್ಟಿ ಕಟ್ಟಿದೆ. ಗಿರಾಕಿ ಬಂದರೆ ಕೆಳಗೇ ನಾನು ಅಳತೆ ತೆಗೆದು, ಚೀಟಿ ಬರೆದು, ಬಟ್ಟೆಯ ಜೊತೆ ಬುಟ್ಟಿಗೆ ಹಾಕಿ ಹಗ್ಗ ಅಲ್ಲಾಡಿಸುತ್ತಿದ್ದೆ. ಮಾವ ಮೇಲೆಳೆದುಕೊಳ್ಳುತ್ತಿದ್ದರು. ಹೊಲಿದದ್ದು ಅದೇ ದಾರಿಯಲ್ಲಿ ಇಳಿಯುತ್ತಿತ್ತು. ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು ಎಂದು ಬೀದಿಯವರು ಹೊಗಳಿದರು. ನಾನೂ ಉಬ್ಬಿ ಪೂರಿಯಾದೆ. ಬರಬರುತ್ತಾ ಊಟದ ಡಬ್ಬಿ, ಕುಡಿಯುವ ನೀರು, ಬಿಪಿ ಗುಳಿಗೆ ಎಲ್ಲವೂ ಬುಟ್ಟಿಯಲ್ಲೇ ಹೋಗತೊಡಗಿದವು.

ಆದರೆ ಮಾವ ದಿನೇ ದಿನೇ ಇಳಿದುಹೋದರು. ರಾತ್ರಿ ನಿದ್ದೆಯಿಲ್ಲ. ಡಬ್ಬಿ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಬೆರಳಿಗೆ ಸೂಜಿ ಚುಚ್ಚಿದ ಗಾಯ ತಿಂಗಳಾದರೂ ಮಾಗಲಿಲ್ಲ. ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದೆವು, ಅದೂ ಇರಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಕೋಣೆಯೊಳಗಿಂದ ಮಾವನ ದನಿ ಕೇಳಿತು.

"ಬಂದ್ಯಾ ಮಹರಾಯ? ಇವತ್ತೇನು ತಂದಿದೀಯ?"

ಯಾರು ಬಂದರಪ್ಪಾ ಎಂದು ಇಣುಕಿದೆ. ಯಾರೂ ಇಲ್ಲ. ಮಾವ ಬುಟ್ಟಿಯ ಮುಂದೆ ಕೂತು, ಅದರ ಕಡೆಗೇ ನೋಡುತ್ತಾ ಮಾತಾಡುತ್ತಿದ್ದರು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಮಾವನಿಗೆ ಅರವತ್ತೆಂಟು.

ಯಜಮಾನರಿಗೆ ಹೇಳಿದೆ. ಅವರು ಹೆದರಿಬಿಟ್ಟರು. ಬುದ್ಧಿ ಹತೋಟಿಯಲ್ಲಿ ಇಲ್ಲದವರ ಕೈಗೆ ಕತ್ತರಿ ಕೊಡುವುದು ಬೇಡ, ಮಿಷನ್ ಮಾರಿಬಿಡೋಣ ಎಂದರು. ಕೊಳ್ಳುವವರೂ ಸಿಕ್ಕರು, ಸೋಮವಾರ ಬಂದು ಎತ್ತಿಕೊಂಡು ಹೋಗುತ್ತೇವೆ ಎಂದರು. ಮಾವನಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲ.

ಶನಿವಾರ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ಅವರ ಹೊಸ ಬಿಳಿ ಕೋಟು ಬುಟ್ಟಿಯಲ್ಲಿ ಇಳಿದು ಬಂದಿತ್ತು. ಅಲ್ಲೇ ಹಾಕಿಕೊಂಡು ನೋಡಿದರು. ಎಡಗೈ ಸರಿಯಾಗಿ ಹೋಯಿತು. ಬಲಗೈ ಹಾಕಿದರೆ ತೋಳು ಹಿಂದಕ್ಕೆ ತಿರುಚಿಕೊಂಡಿತು. ನೋಡಿದರೆ ಎರಡೂ ಎಡಗೈ ತೋಳು. ಬಟ್ಟೆಯನ್ನು ಮಡಿಸದೆ, ಎರಡು ತುಂಡನ್ನೂ ಒಂದೇ ಕಡೆಗೆ ಇಟ್ಟು ಕತ್ತರಿಸಿದರೆ ಹೀಗಾಗುತ್ತದೆ. ಕತ್ತರಿ ಹಿಡಿಯಲು ಕಲಿತ ಮೊದಲ ವಾರ ಮಾಡುವ ತಪ್ಪು ಅದು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬುಟ್ಟಿಯ ಜೊತೆ ಮಾತಾಡುವುದು, ಸೋಮವಾರ ಮಿಷನ್ ಹೋಗುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನರ್ಸಮ್ಮ ತಮ್ಮ ಚೀಲ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ನಾನೂ ಹಿಂದೆಯೇ ಹೋದೆ.

ಆ ಕೋಣೆಯಲ್ಲಿ ಬಂದವರು ಕೂರಲು ಇನ್ನೊಂದು ಕುರ್ಚಿಯೇ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದದ್ದು ಆವತ್ತೇ. ನರ್ಸಮ್ಮ ಬಟ್ಟೆ ಪೆಟ್ಟಿಗೆಯ ಮೇಲೆ ಕೂತರು. ಬಿಪಿ ನೋಡಿದರು, ನೂರ ಎಪ್ಪತ್ತು. ಆಮೇಲೆ ಮೆಲ್ಲಗೆ ಕೋಟು ತೋರಿಸಿದರು. ಮಾವ ತೋಳುಗಳನ್ನು ತಿರುಗಿಸಿ ನೋಡಿದರು. ಮುಖ ಬಿಳಿಚಿಕೊಂಡಿತು.

"ಮಾಸ್ಟ್ರೇ, ನನ್ನ ಅಳತೆ ನೀವೇ ತಗೊಂಡಿದ್ರಾ?"

"ಇಲ್ಲ ತಾಯಿ, ಚೀಟಿ ಬಂದಿತ್ತು. ಚೀಟಿಗೆ ಮುಖ ಇರಲ್ಲ ನೋಡು. ಯಾರಿಗೆ ಹೊಲೀತಿದೀನಿ ಅಂತ ಗೊತ್ತಾಗದೆ ಕೈಗೆ ದಿಕ್ಕೇ ತಪ್ಪುತ್ತೆ."

ಹಾಗಾದರೆ ಈಗ ತೆಗೆದುಕೊಳ್ಳಿ ಎಂದು ನರ್ಸಮ್ಮ ಎದ್ದು ನಿಂತರು. ಮಾವ ಕೊರಳಿನ ಟೇಪು ತೆಗೆದರು. ಭುಜಕ್ಕೆ ಬಂದಾಗ ನಿಂತರು. ಬಲಭುಜ ಅರ್ಧ ಇಂಚು ಇಳಿದಿದೆ, ಆ ಚೀಲವನ್ನು ದಿನ ಬಿಟ್ಟು ದಿನ ಎಡಕ್ಕೆ ಹಾಕಿಕೊ ಎಂದರು. ಅಲ್ಲಿಂದ ಮಾತು ಶುರುವಾದದ್ದು ನರ್ಸಮ್ಮನ ತಂದೆಯ ಮದುವೆ ಕೋಟಿನವರೆಗೂ ಹೋಯಿತು. ಅದನ್ನೂ ಮಾವನೇ ಹೊಲಿದಿದ್ದರಂತೆ, ಆ ಕೋಟಿನ ಒಳಜೇಬು ಎಲ್ಲಿತ್ತು ಎಂದೂ ನೆನಪಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಬಿಪಿ ನೋಡಿದರೆ ನೂರ ಐವತ್ತನಾಲ್ಕು.

ನಿಮ್ಮ ಬಿಪಿ ಮಿಷನ್ ಕೆಟ್ಟಿರಬೇಕು ಎಂದೆ ನಾನು. ಕೆಟ್ಟಿಲ್ಲ, ಆದರೆ ಒಂದು ಸಲ ಇಳಿದ ಮಾತ್ರಕ್ಕೆ ವಾಸಿಯಾಯಿತು ಅಂತಲೂ ಅಲ್ಲ, ಸುಮ್ಮನೆ ಕೂತು ಸುಧಾರಿಸಿಕೊಂಡರೂ ಸ್ವಲ್ಪ ಇಳಿಯುತ್ತದೆ ಎಂದರು ನರ್ಸಮ್ಮ. ಆಮೇಲೆ, ಮಾವ ದಿನಕ್ಕೆ ಎಷ್ಟು ಹೊತ್ತು ಯಾರ ಜೊತೆ ಮಾತಾಡುತ್ತಾರೆ ಎಂದು ಕೇಳಿದರು. ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ.

"ಬೋಳುತಲೆಗೂ ಮೊಳಕಾಲಿಗೂ ಗಂಟು ಹಾಕ್ಬೇಡಿ ನರ್ಸಮ್ಮ. ಮಾತಿಗೂ ಬಿಪಿಗೂ ಏನು ಸಂಬಂಧ? ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ."

"ಬಂಗಾರ ಒಳ್ಳೇದೇ ಅಕ್ಕಾ, ಆದ್ರೆ ಮೂರು ಹೊತ್ತೂ ಅದನ್ನೇ ತಿನ್ನೋಕಾಗುತ್ತಾ? ನಾಯಿ ಅಟ್ಟಿಸ್ಕೊಂಡು ಬಂದ್ರೆ ನಮ್ಮೆದೆ ಹೊಡ್ಕೊಳ್ಳುತ್ತೆ, ಬಿಪಿ ಏರುತ್ತೆ. ನಾಯಿ ಹೋದ್ಮೇಲೆ ಎಲ್ಲಾ ತಣ್ಣಗಾಗುತ್ತೆ. ನಂಗ್ಯಾರೂ ಇಲ್ಲ ಅನ್ನಿಸಿದಾಗ್ಲೂ ಮಿದುಳು ಅಪಾಯ ಬಂತು ಅಂತಾನೇ ತಿಳ್ಕೊಳ್ಳುತ್ತೆ. ಆದ್ರೆ ಈ ನಾಯಿ ಹೋಗಲ್ಲ. ಬಾಗಿಲಲ್ಲೇ ಕೂತಿರುತ್ತೆ."

ಹಾಗೆ ತಿಂಗಳುಗಟ್ಟಲೆ ಮೈ ಎಚ್ಚರದಲ್ಲೇ ಇದ್ದರೆ ಬಿಪಿ ಏರಬಹುದು, ನಿದ್ದೆ ಕೆಡಬಹುದು, ಗಾಯ ಮಾಗುವುದು ನಿಧಾನವಾಗಬಹುದು, ಹೃದಯಕ್ಕೂ ಒಳ್ಳೆಯದಲ್ಲ ಎಂದು ನರ್ಸಮ್ಮ ವಿವರಿಸಿದರು. ಮಾತಾಡುವುದೆಂದರೆ ಮಿದುಳಿಗೆ ಕೈತುಂಬ ಕೆಲಸವಂತೆ. ಎದುರಿನವರ ಮುಖ ನೋಡಬೇಕು, ದನಿ ಗುರುತಿಸಬೇಕು, ಹಳೆಯದನ್ನು ನೆನಪಿಸಿಕೊಳ್ಳಬೇಕು, ತಕ್ಕ ಉತ್ತರ ಹುಡುಕಬೇಕು. ಆ ಕೆಲಸವೇ ಇಲ್ಲದಿದ್ದರೆ ಮಿದುಳೂ ಮಂಕಾಗುತ್ತದಂತೆ. ತುಳಿಯದೆ ಬಿಟ್ಟ ಮಿಷನ್ನು ಬಿಗಿದುಕೊಳ್ಳುತ್ತಲ್ಲ, ಹಾಗೆ ಎಂದು ಮಾವ ನಡುವೆ ಬಾಯಿ ಹಾಕಿದರು.

ಇಷ್ಟಾದರೂ ನನ್ನ ಅನುಮಾನ ಹೋಗಲಿಲ್ಲ. ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಇದ್ದೇವೆ, ಇವರು ಒಂಟಿ ಹೇಗಾಗುತ್ತಾರೆ ಎಂದು ವಾದಿಸಿದೆ. ನರ್ಸಮ್ಮ ಮಾವನ ಕಡೆ ತಿರುಗಿ, ಬುಟ್ಟಿಯ ಜೊತೆ ಮಾತಾಡುತ್ತೀರಂತೆ, ನಿಜವೇ ಎಂದು ನೇರವಾಗಿ ಕೇಳಿಬಿಟ್ಟರು.

ಮಾವ ಟೇಪನ್ನು ಬೆರಳಿಗೆ ಸುತ್ತಿಕೊಂಡರು.

"ಅದು ಬುಟ್ಟಿ ಅಂತ ನಂಗೊತ್ತಮ್ಮ. ನನ್ನ ಬುದ್ಧಿ ಕೆಟ್ಟಿಲ್ಲ. ದಿನಕ್ಕೆ ನಾಲ್ಕು ಸಲ ಮೇಲೆ ಬಂದು ನನ್ನ ನೋಡ್ಕೊಂಡು ಹೋಗೋದು ಅದೊಂದೇ."

ಇಷ್ಟು ದೊಡ್ಡ ಬಾಯಿಯವಳು ಅವರ ಮೊಣಕಾಲ ಹತ್ತಿರ ಕುಸಿದು ಕೂತು ಅತ್ತುಬಿಟ್ಟೆ. ನೀನು ಒಳ್ಳೇದಕ್ಕೇ ಮಾಡಿದೆ ಕಣಮ್ಮ ಎಂದು ಮಾವನೇ ನನ್ನ ತಲೆ ಸವರಿದರು. ಅದು ಇನ್ನೂ ಜಾಸ್ತಿ ಅಳಿಸಿತು.

ಸೋಮವಾರ ಮಿಷನ್ ಕೊಳ್ಳುವವರು ಬಂದರು. ಕೊಡುವುದಿಲ್ಲ ಎಂದೆ. ಮೇಲಿಂದ ಕೆಳಗಿಳಿಸಲು ಒಂದು ಕೈ ಹಾಕಿ ಎಂದೆ. ಗೊಣಗುತ್ತಲೇ ಹಾಕಿದರು. ಯಜಮಾನರು ರಿಪೇರಿಯ ಸಾಮಾನನ್ನೆಲ್ಲ ಹಿಂದಕ್ಕೆ ಸರಿಸಿ ಬಾಗಿಲ ಪಕ್ಕ ಜಾಗ ಮಾಡಿದರು. ಮಿಷನ್ನಿನ ಮುಖ ಬೀದಿಗೆ. ಪಕ್ಕದಲ್ಲಿ ಎರಡು ಸ್ಟೂಲು. ನರ್ಸಮ್ಮ ಹೇಳಿದಂತೆ ಡಾಕ್ಟರಿಗೆ ಮತ್ತೆ ತೋರಿಸಿದೆವು. ಇಂಥ ತಪ್ಪು, ಮರೆವು ಯಾವುದಾದರೂ ಕಾಯಿಲೆಯಿಂದಲೂ ಬರಬಹುದು, ಎಲ್ಲವನ್ನೂ ಒಂಟಿತನದ ತಲೆಗೆ ಕಟ್ಟಬೇಡಿ ಎಂದು ನರ್ಸಮ್ಮನೇ ಎಚ್ಚರಿಸಿದ್ದರು. ಪರೀಕ್ಷೆಯಲ್ಲಿ ಗಾಬರಿಯಾಗುವಂಥದ್ದೇನೂ ಕಾಣಲಿಲ್ಲ.

ಈಗ ಮೂರು ತಿಂಗಳಾಯಿತು. ಬಿಪಿ ನೂರ ಮೂವತ್ತೆಂಟರಲ್ಲಿದೆ. ಗುಳಿಗೆ ಬಿಟ್ಟಿಲ್ಲ, ಡಾಕ್ಟರು ಹೇಳುವ ತನಕ ಬಿಡುವುದೂ ಇಲ್ಲ. ಅದನ್ನು ಈಗ ಕೈಯಲ್ಲಿ ಕೊಟ್ಟು, ನುಂಗುವ ತನಕ ಎದುರಿಗೇ ಕೂರುತ್ತೇನೆ. ಬೆರಳಿನ ಗಾಯ ಮಾಗಿದೆ. ನಿದ್ದೆ ಪರವಾಗಿಲ್ಲ. ಬಾಯಿಯಂತೂ ನನ್ನದನ್ನೂ ಮೀರಿಸಿದೆ. ನಿನ್ನ ಅಳತೆ ಚೀಟಿಯಲ್ಲಿ ಎಲ್ಲರೂ ಮೂವತ್ತಾರು ಇಂಚೇ ಆಗಿದ್ದರು, ಬೀದಿಯವರೆಲ್ಲ ಅವಳಿ ಜವಳಿಗಳೇ ಎಂದು ಗಿರಾಕಿಗಳ ಮುಂದೆಯೇ ನನ್ನ ಕಾಲೆಳೆಯುತ್ತಾರೆ. ನರ್ಸಮ್ಮನ ಕೋಟಿಗೆ ಹೊಸ ಬಲತೋಳು ಬಂದಿದೆ.

ಓದುವವರೇ, ಕೇಳುವವರೇ, ಇದು ನನ್ನ ಮನೆಯ ಕಥೆಯಾಯಿತು. ನಿಮ್ಮ ಮನೆಯಲ್ಲೂ ಇಂಥ ಬುಟ್ಟಿ ಇರಬಹುದು, ಒಮ್ಮೆ ನೋಡಿಕೊಳ್ಳಿ. ಮುಚ್ಚಿದ ಬಾಗಿಲ ಮುಂದೆ ಇಟ್ಟು ಬರುವ ತಟ್ಟೆಯಾಗಿರಬಹುದು. ಕಣ್ಣೆತ್ತದೆ, ಫೋನು ನೋಡುತ್ತಲೇ ಹೇಳುವ 'ಹೂಂ' ಆಗಿರಬಹುದು. ವಯಸ್ಸಾದವರು ಮಾತ್ರವಲ್ಲ, ಹೊಸ ಬಾಣಂತಿ, ಕೆಲಸ ಹೋದ ತಮ್ಮ, ಓದಲೆಂದು ಕೋಣೆ ಸೇರಿದ ಮಗಳು, ಯಾರೂ ಹೀಗೆ ಒಂಟಿಯಾಗಬಹುದು. ಔಷಧಿ ಕೊಡಿ, ಡಾಕ್ಟರಿಗೆ ತೋರಿಸಿ, ಅದರ ಜೊತೆಗೆ ದಿನಕ್ಕೆ ಹದಿನೈದು ನಿಮಿಷ ಎದುರಿಗೆ ಕೂತು ಮಾತಾಡಿ. ಒಂಟಿ ಅನ್ನಿಸುತ್ತಿರುವುದು ನಿಮಗೇ ಆದರೆ ನಾಚಿಕೊಳ್ಳದೆ ಒಬ್ಬರಿಗಾದರೂ ಹೇಳಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ.

ನನ್ನ ಮನೆಯಲ್ಲಿ ಮಹಡಿಗೆ ಹದಿನಾಲ್ಕೇ ಮೆಟ್ಟಿಲು. ಮಾವನ ಜೊತೆ ಕೂರಲೆಂದು ಅಷ್ಟನ್ನು ಹತ್ತಲು ನನಗೆ ನಾಲ್ಕು ತಿಂಗಳು ಬೇಕಾಯಿತು. ನೀವು ಇವತ್ತೇ ಹತ್ತಿ.