ಹತ್ತು ಅಂಕಿಯ ಅವಿಭಾಜ್ಯ

ಗೂಳಪ್ಪ ಮಾಸ್ತರರ ಎರಡೂ ಕಣ್ಣಿಗೆ ಪೊರೆ ಬಂದದ್ದು 1936ರಲ್ಲಿ. ಗದಗಿನಿಂದ ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾಗಿದ್ದ ಅವರು ಕಸಬಾ ಪೇಟೆಯ ಬಾಡಿಗೆ ಕೋಣೆಯಲ್ಲಿ ಕೂತು 2147483647 ಎಂಬ ಸಂಖ್ಯೆಯನ್ನು ಭಾಗಿಸುತ್ತಿದ್ದರು. ಮೂವತ್ತೊಂದು ಎರಡುಗಳನ್ನು ಒಟ್ಟಿಗೆ ಗುಣಿಸಿ ಒಂದು ಕಳೆದರೆ ಸಿಗುವ ಸಂಖ್ಯೆ ಅದು. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ನಿಶ್ಶೇಷವಾಗಿ ಭಾಗವಾಗದು, ಅವಿಭಾಜ್ಯ, ಎಂದು ಪುಸ್ತಕ ಹೇಳುತ್ತಿತ್ತು. ಮಾಸ್ತರರಿಗೆ ಸ್ವತಃ ನೋಡಬೇಕಿತ್ತು. ಕಣ್ಣು ಕೈಕೊಟ್ಟಿತು, ಕೆಲಸ ಅರ್ಧಕ್ಕೇ ನಿಂತಿತು.

"ನಾ ಮಾಡ್ತೀನಿ, ಹೇಳ್ರಿ," ಎಂದಳು ಹೆಂಡತಿ ಕಲ್ಲವ್ವ. ಅವಳು ಶಾಲೆಯಲ್ಲಿ ಓದಿದ್ದು ನಾಲ್ಕನೇ ಇಯತ್ತೆಯವರೆಗೆ.

"ಭಾಳ ಬ್ಯಾಸರದ ಕೆಲಸ ಅದು."

"ಜ್ವಾಳ ಹಸನ ಮಾಡೋದಕಿಂತನೂ?"

ಮಾಸ್ತರರು ನಕ್ಕು ವಿವರಿಸಿದರು. 46340ರವರೆಗೆ, ಅಂದರೆ ವರ್ಗಮೂಲದವರೆಗೆ, ನೋಡಿದರೆ ಸಾಕು. ಅದರಲ್ಲೂ 62ರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಗಳನ್ನಷ್ಟೇ; ಬೇರಾವುದೂ ಈ ಸಂಖ್ಯೆಯನ್ನು ಭಾಗಿಸಲಾರದು ಎಂಬುದಕ್ಕೆ ಸೂತ್ರವಿದೆ. ಅಂಥವು ಸುಮಾರು ನೂರಾ ಅರವತ್ತು. ಮಾಸ್ತರರು ಅರ್ಧ ಮುಗಿಸಿದ್ದರೂ ಕಲ್ಲವ್ವ ಮೊದಲಿನಿಂದಲೇ ಹಿಡಿದಳು. ಮಧ್ಯಾಹ್ನ ಒಲೆ ಆರಿದ ಮೇಲೆ ದಿನಕ್ಕೆರಡು. ಮೊದಮೊದಲು ಒಂದು ಭಾಗಾಕಾರಕ್ಕೆ ಎರಡು ತಾಸು ಹಿಡಿಯುತ್ತಿತ್ತು, ಆಮೇಲೆ ಅರ್ಧ ತಾಸು.

ಎರಡನೇ ತಿಂಗಳಲ್ಲಿ ಒಂದು ದಿನ ಕೊನೆಯ ಸಾಲಿನಲ್ಲಿ ಏನೂ ಉಳಿಯಲಿಲ್ಲ.

"ರೀ, ಸೊನ್ನಿ ಬಂತು."

ಮಾಸ್ತರರು ಎದ್ದೇ ನಿಂತರು. "ಮತ್ತೊಮ್ಮೆ ಹೇಳು."

"ಶೇಷ ಸೊನ್ನಿರಿ. ಭಾಗ ಹೋತು."

ಅಷ್ಟು ದೊಡ್ಡ ಪುಸ್ತಕಗಳೆಲ್ಲ ತಪ್ಪೇ? ಲೆಕ್ಕ ತೋರಿಸಲು ಹಳೆಯ ವಿದ್ಯಾರ್ಥಿ ಮಧುಕರನಿಗೆ ನಾಳೆಯೇ ಬಾ ಎಂದು ಹೇಳಿಕಳಿಸಿದರು. ಎಷ್ಟೋ ತಿಂಗಳ ಮೇಲೆ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಕಲ್ಲವ್ವನಿಗೂ ತಾನು ಏನೋ ಗೆದ್ದಂತೆ ಅನ್ನಿಸಿತು.

ಬೆಳಿಗ್ಗೆ ಎದ್ದವಳೇ ಉತ್ತರವನ್ನು ತಿರುಗಿ ಗುಣಿಸಿ ನೋಡಿದಳು. ಹೊಂದಲಿಲ್ಲ. ಸಾಲುಸಾಲಾಗಿ ಹುಡುಕಿದಾಗ, ತಾನೇ ಬರೆದ ಒಂದು ೯ನ್ನು ಕಳೆಯುವಾಗ ೬ ಎಂದು ಓದಿದ್ದು ಗೊತ್ತಾಯಿತು. ಮಾಸ್ತರರು ಆಗಲೇ ಮುಖ ತೊಳೆದು, ರುಮಾಲು ಸುತ್ತಿಕೊಂಡು, ಮಧುಕರನ ದಾರಿ ಕಾಯುತ್ತ ಕೂತಿದ್ದರು. ಹೇಳದಿದ್ದರೆ ಮಧ್ಯಾಹ್ನದವರೆಗಾದರೂ ಆ ಖುಷಿ ಉಳಿದೀತು.

"ನಂದ ತಪ್ಪಾಗೇದರಿ," ಎಂದಳು. "ಒಂಬತ್ತರ ಬದಲಿ ಆರು ಕಳದೇನಿ. ಭಾಗ ಹೋಗೂದಿಲ್ಲ."

ಮಾಸ್ತರರು, "ಯಾರು ಹಿಡದ್ರು ತಪ್ಪು?" ಎಂದು ಕೇಳಿದರು.

"ನಾನ ಹಿಡದೆ."

"ಹಂಗಾದ್ರ ಉಳದದ್ದೂ ನೀನ ಮುಗಸು," ಎಂದು ರುಮಾಲು ಬಿಚ್ಚಿಟ್ಟರು.

ಮಧುಕರ ಬಂದಾಗ ಅವನಿಗೆ ಸಿಕ್ಕಿದ್ದು ಚಹಾ ಮತ್ತು ನಡೆದ ಕತೆ. ಅವನು ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಾಸ್ತರ. ತಪ್ಪಿದ ಲೆಕ್ಕವನ್ನೂ ತಿದ್ದಿದ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ನೋಡಿದ.

ಶ್ರಾವಣದ ಒಂದು ಸೋಮವಾರ ಕೊನೆಯ ಭಾಗಾಕಾರ ಮುಗಿಯಿತು. ಶೇಷ ಉಳಿಯಿತು. ಸಂಖ್ಯೆ ಅವಿಭಾಜ್ಯವೇ. ಮಾಸ್ತರರು ಕಾಗದಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರಿದರು.

ದೀಪಾವಳಿ ಕಳೆದ ಮೇಲೆ ಮಧುಕರ ಮತ್ತೆ ಬಂದ. ಈ ಸಲ ಮಾಸ್ತರರನ್ನಲ್ಲ, ಕಲ್ಲವ್ವನನ್ನೇ ಕೇಳಿದ: ಮೂರನೇ ಇಯತ್ತೆಯ ಹುಡುಗಿಯರಿಗೆ ಭಾಗಾಕಾರ ಕಲಿಸಲು ಬರುತ್ತೀರಾ?

"ಮರಾಠಿ ನನಗ ಅಷ್ಟಕ್ಕಷ್ಟ," ಎಂದಳು ಕಲ್ಲವ್ವ.

ಆದರೂ ಹೋದಳು. ಒಂಬತ್ತು ವರ್ಷ ಕಲಿಸಿದಳು.